ಹರಳಿನಿಂದ ಗಣಕಕ್ಕೆ: ಲಂಡನ್ನಿನ ಭೌತವಿಜ್ಞಾನಿಗಳು ನಡೆದ ದಾರಿ

ಎಂಎಸ್ಸಿ ಫಿಸಿಕ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಆಗಾಗ ಒಂದು ಚರ್ಚೆ ಏಳುತ್ತದೆ. 'ಇದನ್ನು ಓದಿ ಮುಂದೇನು ಮಾಡ್ತೀಯ? ಕಂಪ್ಯೂಟರ್ ಕಡೆ ಹೋಗಬಾರದಾ?' ಎಂದು ಸೋದರಮಾವ ಕೇಳುತ್ತಾರೆ. 'ಇಷ್ಟು ದೂರ ಬಂದು ಈಗ ಬಿಟ್ಟುಬಿಡ್ತೀಯಾ?' ಎಂದು ಪಾಠ ಹೇಳಿದ ಮೇಷ್ಟ್ರು ನೊಂದುಕೊಳ್ಳುತ್ತಾರೆ. ಇಬ್ಬರ ನಡುವೆ ಸಿಕ್ಕಿದ ಮಗುವಿಗೆ ಸಂಬಳದ ಆಸೆಗಿಂತ ದೊಡ್ಡದಾಗಿ ಒಂದು ಅಪರಾಧಿ ಭಾವ ಕಾಡುತ್ತದೆ. ಮಾನಸಗಂಗೋತ್ರಿಯ ಹಾಸ್ಟೆಲ್ಲಿನಲ್ಲಿ ಈ ತೊಳಲಾಟ ಇರುವಂತೆಯೇ ಲಂಡನ್ನಿನ ಪ್ರಯೋಗಾಲಯಗಳಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಮಕ್ಕಳಲ್ಲೂ ಇದೆ.

ಮಾವ ಮತ್ತು ಮೇಷ್ಟ್ರು ಎದುರುಬದುರು ನಿಂತಂತೆ ಕಂಡರೂ ಇಬ್ಬರ ನಂಬಿಕೆ ಒಂದೇ. ಭೌತಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲೋಕಗಳು, ಒಂದಕ್ಕೆ ಹೋಗಬೇಕಾದರೆ ಇನ್ನೊಂದನ್ನು ತೊರೆಯಬೇಕು ಎಂಬ ನಂಬಿಕೆ ಅದು. ಲಂಡನ್ ನಗರದ ಇತಿಹಾಸ ಇದನ್ನು ಒಪ್ಪುವುದಿಲ್ಲ. ಅಲ್ಲಿ ಕಂಪ್ಯೂಟರ್ ಕಲಿಕೆಯ ಒಂದು ಮುಖ್ಯ ಕವಲು ಹುಟ್ಟಿದ್ದೇ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಮುಗಿಯದೆ ಉಳಿದ ಒಂದು ಲೆಕ್ಕದಿಂದ.

ಮೂರು ವರ್ಷದ ಲೆಕ್ಕ

ಬ್ಲೂಮ್ಸ್‌ಬರಿಯಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಸಮೀಪದಲ್ಲೇ ಟಾರಿಂಗ್ಟನ್ ಸ್ಕ್ವೇರ್ ಇದೆ. ಅದರ ಮಗ್ಗುಲಿಗೆ ಬರ್ಕ್‌ಬೆಕ್ ಕಾಲೇಜು. 1823ರಲ್ಲಿ ದುಡಿಯುವ ಜನರಿಗೆಂದು ಶುರುವಾದ ಸಂಸ್ಥೆಯಿದು. ಹಗಲು ಕೆಲಸ ಮಾಡಿ ಸಂಜೆ ಪಾಠಕ್ಕೆ ಬರುವವರ ಕಾಲೇಜು ಎಂಬ ಹೆಸರು ಅದಕ್ಕೆ ಇವತ್ತಿಗೂ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಜೆ. ಡಿ. ಬರ್ನಾಲ್ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎಕ್ಸ್-ರೇ ಬಳಸಿ ಹರಳುಗಳ ಒಳರಚನೆ ತಿಳಿಯುವುದು ಅವರ ಪ್ರಯೋಗಾಲಯದ ಮುಖ್ಯ ಕೆಲಸ. ಡಿಎನ್‌ಎ ಚಿತ್ರದಿಂದ ಹೆಸರಾದ ರೊಸಾಲಿಂಡ್ ಫ್ರಾಂಕ್ಲಿನ್ 1953ರಲ್ಲಿ ಕಿಂಗ್ಸ್ ಕಾಲೇಜು ಬಿಟ್ಟು ಬಂದು, ವೈರಸ್‌ಗಳ ಮೇಲೆ ಸಂಶೋಧನೆ ನಡೆಸಿದ್ದೂ ಇಲ್ಲಿಯೇ.

ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಆಚೆ ಇಟ್ಟ ಫಿಲ್ಮಿನ ಮೇಲೆ ನೂರಾರು ಚುಕ್ಕೆಗಳು ಮೂಡುತ್ತವೆ. ಕೆಲವು ಗಾಢ, ಕೆಲವು ಮಸುಕು. ಹರಳಿನೊಳಗೆ ಎಲೆಕ್ಟ್ರಾನ್‌ಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳವಾಗಿವೆ ಎಂಬ ನಕ್ಷೆ ಬರೆಯಬೇಕಾದರೆ ಪ್ರತಿ ಚುಕ್ಕೆಯನ್ನೂ ಒಂದು ಅಲೆಯೆಂದು ಹಿಡಿದು, ನಕ್ಷೆಯ ಪ್ರತಿ ಬಿಂದುವಿನಲ್ಲೂ ಎಲ್ಲ ಅಲೆಗಳನ್ನು ಕೂಡಬೇಕು. ಗಣಿತದವರು ಇದನ್ನು ಫೂರಿಯೆ ಸಂಕಲನ ಎನ್ನುತ್ತಾರೆ.

ಒಂದು ಸ್ಥೂಲ ಲೆಕ್ಕ ಹಾಕೋಣ. ಉದ್ದಕ್ಕೆ 30, ಅಡ್ಡಕ್ಕೆ 30ರಂತೆ ಒಟ್ಟು 900 ಚುಕ್ಕೆಗಳಿವೆ. ನಕ್ಷೆಯಲ್ಲಿ 60 ಸಾಲು, 60 ಕಂಬ, ಅಂದರೆ 3,600 ಬಿಂದುಗಳಿವೆ. ಪ್ರತಿ ಬಿಂದುವಿಗೂ 900 ಪದಗಳನ್ನು ಕೂಡಬೇಕಾದ್ದರಿಂದ ಮೊತ್ತ 32 ಲಕ್ಷ 40 ಸಾವಿರ ಪದಗಳಾಗುತ್ತದೆ. ಒಂದು ಪದಕ್ಕೆ ಬರೀ 10 ಸೆಕೆಂಡ್ ಎಂದರೂ 9,000 ಗಂಟೆ. ದಿನಕ್ಕೆ 8 ಗಂಟೆ ಕೂತು ಒಂದು ದಿನವೂ ರಜೆ ಹಾಕದೆ ಕೂಡುತ್ತ ಹೋದರೆ ಮೂರು ವರ್ಷ ದಾಟುತ್ತದೆ. ಇಷ್ಟಾದರೂ ಸಿಗುವುದು ಒಂದೇ ಹರಳಿನ ಒಂದೇ ಮಗ್ಗುಲಿನ ನಕ್ಷೆ.

1930ರ ದಶಕದಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಇದಕ್ಕೊಂದು ಉಪಾಯ ಕಂಡುಕೊಂಡರು. ಉದ್ದ ಮತ್ತು ಅಡ್ಡವನ್ನು ಒಟ್ಟಿಗೆ ಕೂಡುವ ಬದಲು ಮೊದಲು ಒಂದು ದಿಕ್ಕಿನಲ್ಲಿ ಕೂಡಿ, ಬಂದ ಮೊತ್ತಗಳನ್ನು ಬರೆದಿಟ್ಟು, ಆಮೇಲೆ ಇನ್ನೊಂದು ದಿಕ್ಕಿನಲ್ಲಿ ಕೂಡುವುದು. ನಮ್ಮ ಉದಾಹರಣೆಯಲ್ಲಿ ಮೊದಲ ಹಂತಕ್ಕೆ 54 ಸಾವಿರ ಪದ, ಎರಡನೆಯದಕ್ಕೆ 1 ಲಕ್ಷ 8 ಸಾವಿರ. ಒಟ್ಟು 1 ಲಕ್ಷ 62 ಸಾವಿರ, ಅಂದರೆ ಮೊದಲಿನ ಇಪ್ಪತ್ತನೇ ಒಂದು ಪಾಲು. ಮೂರು ವರ್ಷದ ಕೆಲಸ ಎರಡು ತಿಂಗಳಿಗೆ ಇಳಿಯಿತು. ಅಲೆಗಳ ಬೆಲೆಗಳನ್ನು ಮೊದಲೇ ಅಚ್ಚು ಹಾಕಿದ ಸಾವಿರಾರು ಕಾಗದದ ಪಟ್ಟಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಪ್ರಯೋಗಾಲಯಗಳಿಗೆ ಮಾರುತ್ತಿದ್ದರು. ಸಂಶೋಧಕರು ಬೇಕಾದ ಪಟ್ಟಿ ತೆಗೆದು, ಒಂದರ ಕೆಳಗೊಂದು ಇಟ್ಟು, ಕೂಡಿ, ಮತ್ತೆ ಅದೇ ಜಾಗಕ್ಕೆ ಸೇರಿಸುತ್ತಿದ್ದರು.

ಇವತ್ತು ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಅಲ್ಗಾರಿದಮ್ ಪಾಠ ತೆಗೆದುಕೊಳ್ಳುವವರು ಮೊದಲ ತಿಂಗಳಲ್ಲೇ ಕಲಿಯುವುದು ಇದೇ ವಿದ್ಯೆ. ಉತ್ತರ ಒಂದೇ ಆದರೂ ಅಲ್ಲಿಗೆ ಹೋಗುವ ದಾರಿಗಳ ಖರ್ಚು ಬೇರೆ ಬೇರೆ. ಅಗ್ಗದ ದಾರಿ ಹುಡುಕುವುದೇ ಒಂದು ಶಾಸ್ತ್ರ. ಆ ಶಾಸ್ತ್ರಕ್ಕೆ ಹೆಸರು ಹುಟ್ಟುವ ಮೊದಲೇ ಹರಳಿನ ಮುಂದೆ ಕೂತವರು ಅದನ್ನು ಬಳಸುತ್ತಿದ್ದರು.

ಟಾರಿಂಗ್ಟನ್ ಸ್ಕ್ವೇರಿನ ಯಂತ್ರ

ಬರ್ನಾಲ್ ಅವರ ಬಳಗಕ್ಕೆ ಸೇರಿದ ಆಂಡ್ರ್ಯೂ ಡೊನಾಲ್ಡ್ ಬೂತ್ ಹರಳುಶಾಸ್ತ್ರದಲ್ಲೇ ಪಿಎಚ್‌ಡಿ ಮಾಡಿದವರು. ಯುದ್ಧಕಾಲದಲ್ಲಿ ಸ್ಫೋಟಕ ವಸ್ತುಗಳ ಹರಳುರಚನೆ ಲೆಕ್ಕ ಹಾಕಿ ಹಾಕಿ ಬೇಸತ್ತಿದ್ದರು. ಎರಡು ತಿಂಗಳ ಲೆಕ್ಕವೂ ಅವರಿಗೆ ಹೆಚ್ಚೆನಿಸಿತು. ಲೆಕ್ಕ ಮಾಡುವ ಯಂತ್ರವನ್ನೇ ಕಟ್ಟಲು ಹೊರಟರು. ಜೊತೆಗಿದ್ದವರು ಗಣಿತ ಓದಿದ್ದ ಕ್ಯಾಥ್ಲೀನ್ ಬ್ರಿಟನ್. ಇಬ್ಬರೂ 1947ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋಗಿ ಜಾನ್ ವಾನ್ ನಾಯ್ಮನ್ ಅವರ ಬಳಗದ ಕಂಪ್ಯೂಟರ್ ಕೆಲಸ ನೋಡಿಬಂದರು. 1950ರಲ್ಲಿ ಮದುವೆಯಾದರು.

ಮೊದಲ ಯಂತ್ರ 'ಎಆರ್‌ಸಿ' ರಿಲೇಗಳಿಂದ ಮಾಡಿದ್ದು. ಅದಕ್ಕೆ ಆದೇಶ ಬರೆಯುವ ಕ್ರಮವನ್ನು ಕ್ಯಾಥ್ಲೀನ್ ರೂಪಿಸಿದರು. ಅಸೆಂಬ್ಲಿ ಲ್ಯಾಂಗ್ವೇಜಿನ ಮೊದಲ ಹೆಜ್ಜೆಗಳನ್ನು ಇಟ್ಟ ಹಿರಿಮೆ ಅವರದು. ನೆನಪಿನ ಕೋಶಕ್ಕಾಗಿ ಬೂತ್ ಮೊದಲು ಕಾಂತೀಯ ಲೇಪನವಿದ್ದ ಕಾಗದದ ತಟ್ಟೆಯನ್ನು ತಿರುಗಿಸಿ ನೋಡಿದರು. ಅದು ಕೈಗೂಡಲಿಲ್ಲ. ಆಮೇಲೆ ನಿಕ್ಕಲ್ ಲೇಪಿಸಿದ ಹಿತ್ತಾಳೆಯ ಪುಟ್ಟ ಉರುಳೆ ಮಾಡಿಸಿದರು, ಸುಮಾರು ಎರಡು ಅಂಗುಲ ವ್ಯಾಸದ್ದು. ಅದು ಕೆಲಸ ಮಾಡಿತು. ಕಾಂತೀಯ ಡ್ರಮ್ ಮೆಮೊರಿಯ ಮೊದಲ ಮಾದರಿಗಳಲ್ಲಿ ಅದೂ ಒಂದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಆರ್ಗನೈಸೇಶನ್ ಪಾಠದಲ್ಲಿ ಬರುವ 'ಬೂತ್ ಅಲ್ಗಾರಿದಮ್' ಇವರದೇ. 99 ರೂಪಾಯಿಯ 7 ಪುಸ್ತಕಕ್ಕೆ ಎಷ್ಟು ಎಂದರೆ ಅಂಗಡಿಯವರು ಗುಣಿಸಲು ಹೋಗುವುದಿಲ್ಲ, 700ರಲ್ಲಿ 7 ಕಳೆದು 693 ಎನ್ನುತ್ತಾರೆ. ಬೂತ್ ದ್ವಿಮಾನ ಸಂಖ್ಯೆಗಳಲ್ಲಿ ಹಿಡಿದದ್ದು ಇದೇ ಜಾಡನ್ನು. 62ನ್ನು ದ್ವಿಮಾನದಲ್ಲಿ ಬರೆದರೆ 111110. ಐದು ಕಡೆ 1 ಇರುವುದರಿಂದ ಸಾಮಾನ್ಯ ಕ್ರಮದಲ್ಲಿ ಐದು ಸಲ ಕೂಡಬೇಕು. ಆದರೆ 62 ಅಂದರೆ 64ರಲ್ಲಿ 2 ಕಳೆದದ್ದು. ಒಂದು ಸಲ ಕೂಡಿ ಒಂದು ಸಲ ಕಳೆದರೆ ಮುಗಿಯಿತು. ಉಳಿದದ್ದೆಲ್ಲ ಅಂಕಿಗಳನ್ನು ಪಕ್ಕಕ್ಕೆ ಸರಿಸುವ ಕೆಲಸ. 1951ರಲ್ಲಿ ಪ್ರಕಟವಾದ ಈ ವಿಧಾನ ಹುಟ್ಟಿದ್ದು ಹರಳುಗಳ ಲೆಕ್ಕದ ನಡುವೆ.

1957ರಲ್ಲಿ ಬರ್ಕ್‌ಬೆಕ್ ಕಂಪ್ಯೂಟರ್ ಕೆಲಸಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಭೌತಶಾಸ್ತ್ರದ ಮಗ್ಗುಲಲ್ಲಿ ಬೆಳೆದ ಕೆಲಸ ತನ್ನ ಕಾಲ ಮೇಲೆ ನಿಂತಿತು.

ಈ ಕತೆಗೆ ಭಾರತದ ಕೊಂಡಿಯೂ ಇದೆ. ಬೂತ್ ಅವರ ವಿನ್ಯಾಸವನ್ನು ಆಧಾರವಾಗಿಟ್ಟು ಬ್ರಿಟಿಷ್ ಟ್ಯಾಬುಲೇಟಿಂಗ್ ಮಶೀನ್ ಕಂಪನಿ 'ಎಚ್‌ಇಸಿ' ಎಂಬ ಯಂತ್ರಗಳನ್ನು ತಯಾರಿಸಿತು. ಅವುಗಳಲ್ಲೊಂದಾದ ಎಚ್‌ಇಸಿ-2ಎಂ 1950ರ ದಶಕದ ನಡುವಿನಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂತು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ತರಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರ ಓದಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತ, ಸಂಖ್ಯಾಶಾಸ್ತ್ರಕ್ಕೆ ಹೊರಳಿದವರು. ಕಟ್ಟಿದವರೂ ತರಿಸಿದವರೂ ಇಬ್ಬರೂ ವಿಷಯ ಬದಲಿಸಿದವರೇ.

ಬೆಂಗಳೂರಿನಲ್ಲೂ ಇಂಥವರು ಇದ್ದರು. ಫೋರ್ಟ್ರಾನ್ ಪುಸ್ತಕದಿಂದ ಒಂದಿಡೀ ತಲೆಮಾರಿಗೆ ಪ್ರೋಗ್ರಾಮಿಂಗ್ ಕಲಿಸಿದ ವಿ. ರಾಜಾರಾಮನ್ ದೆಹಲಿಯಲ್ಲಿ ಓದಿದ್ದು ಫಿಸಿಕ್ಸ್ ಆನರ್ಸ್. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಎಲೆಕ್ಟ್ರಾನಿಕ್ಸ್ ಕಲಿತು, ಅಲ್ಲಿನ ಅನಲಾಗ್ ಕಂಪ್ಯೂಟರಿನ ಮೇಲೆ ಕೆಲಸ ಮಾಡಿದರು. ಕಾನ್ಪುರ ಐಐಟಿಯಲ್ಲಿ ದೇಶದ ಮೊದಲ ಕಂಪ್ಯೂಟರ್ ಸೈನ್ಸ್ ಪಾಠಕ್ರಮ ಕಟ್ಟಿದವರಲ್ಲಿ ಅವರು ಪ್ರಮುಖರು.

ಟೆಡಿಂಗ್ಟನ್ನಿನ ಪ್ಯಾಕೆಟ್

ಲಂಡನ್ನಿನ ನೈಋತ್ಯ ತುದಿಯಲ್ಲಿ, ಥೇಮ್ಸ್ ಪಕ್ಕದ ಟೆಡಿಂಗ್ಟನ್ನಿನಲ್ಲಿ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಇದೆ. ಇಂಪೀರಿಯಲ್ ಕಾಲೇಜಿನಲ್ಲಿ 1943ರಲ್ಲಿ ಭೌತಶಾಸ್ತ್ರದ ಪದವಿ ಪಡೆದ ಡೊನಾಲ್ಡ್ ಡೇವಿಸ್ ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋಗಿ ಗಣಿತ ಓದಿದರು. 1947ರಲ್ಲಿ ಟೆಡಿಂಗ್ಟನ್ನಿಗೆ ಸೇರಿ ಅಲನ್ ಟ್ಯೂರಿಂಗ್ ವಿನ್ಯಾಸಗೊಳಿಸಿದ್ದ ಎಸಿಇ ಯಂತ್ರದ ಕೆಲಸಕ್ಕೆ ಕೂತರು. ಟ್ಯೂರಿಂಗ್ ಅವರ 1936ರ ಹೆಸರಾಂತ ಪ್ರಬಂಧವನ್ನು ಸಾಲುಸಾಲಾಗಿ ಪರೀಕ್ಷಿಸಿ, ಅದರಲ್ಲಿದ್ದ ತಪ್ಪುಗಳನ್ನು ಅವರ ಮುಂದೆಯೇ ಇಟ್ಟರು. ಎಷ್ಟು ದೊಡ್ಡವರು ಬರೆದಿದ್ದರೂ ಲೆಕ್ಕ ಸರಿಯಿದೆಯೇ ಎಂದು ತಾನೇ ಮಾಡಿ ನೋಡುವ ಅಭ್ಯಾಸ ಅವರದು. 1950ರ ಮೇ ತಿಂಗಳಲ್ಲಿ ಆ ಯಂತ್ರದ ಚಿಕ್ಕ ಮಾದರಿಯಾದ ಪೈಲಟ್ ಎಸಿಇ ತನ್ನ ಮೊದಲ ಪ್ರೋಗ್ರಾಂ ಓಡಿಸಿತು.

1965ರಲ್ಲಿ ಡೇವಿಸ್ ಇನ್ನೊಂದು ಸಮಸ್ಯೆ ಹಿಡಿದರು. ಕಂಪ್ಯೂಟರ್‌ಗಳು ಟೆಲಿಫೋನ್ ತಂತಿಯಲ್ಲಿ ಮಾತಾಡಿಕೊಳ್ಳುವಾಗ ಸಾಲು ಹೆಚ್ಚಿನ ಹೊತ್ತು ಖಾಲಿ ಬಿದ್ದಿರುತ್ತದೆ. ಮನುಷ್ಯ ಟೈಪ್ ಮಾಡುವುದು, ಯೋಚಿಸುವುದು, ಮತ್ತೆ ಟೈಪ್ ಮಾಡುವುದು, ನಡುವೆಲ್ಲ ಮೌನ. ಸಂದೇಶವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸ ಬರೆದು ಕಳಿಸಿದರೆ ಒಂದೇ ಸಾಲಿನಲ್ಲಿ ಹಲವರ ಸಂದೇಶ ಸಾಗಬಹುದು ಎಂದು ತೋರಿಸಿದರು. ಆ ತುಂಡಿಗೆ ಅವರು ಇಟ್ಟ ಹೆಸರು ಪ್ಯಾಕೆಟ್. ಅಮೆರಿಕದಲ್ಲಿ ಪಾಲ್ ಬ್ಯಾರನ್ ಸ್ವತಂತ್ರವಾಗಿ ಇದೇ ಬಗೆಯ ಯೋಚನೆ ಮಾಡಿದ್ದರು. 1967ರಲ್ಲಿ ಡೇವಿಸ್ ಅವರ ಸಹೋದ್ಯೋಗಿ ಅಮೆರಿಕದ ಸಮ್ಮೇಳನವೊಂದರಲ್ಲಿ ಈ ಕೆಲಸ ಮಂಡಿಸಿದ್ದು ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಕಟ್ಟುವವರ ಮೇಲೆ ಪ್ರಭಾವ ಬೀರಿತು. 1973ರಲ್ಲಿ ಅರ್ಪಾನೆಟ್ಟನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ತಂದ ಪೀಟರ್ ಕರ್ಸ್ಟೈನ್ ಕೂಡ ಅದಕ್ಕೆ ಮೊದಲು ಸರ್ನ್‌ನಲ್ಲಿ ಕಣವೇಗವರ್ಧಕಗಳ ಮೇಲೆ ದುಡಿದವರು.

ಒಂದು ಮೈಲಿ ಆಚೆ

ಟಾರಿಂಗ್ಟನ್ ಸ್ಕ್ವೇರಿನಿಂದ ಈಶಾನ್ಯಕ್ಕೆ ಒಂದು ಮೈಲಿಯಷ್ಟು ನಡೆದರೆ ಕಿಂಗ್ಸ್ ಕ್ರಾಸ್ ಸಿಗುತ್ತದೆ. ಗೂಗಲ್ ಡೀಪ್‌ಮೈಂಡ್ ಕಚೇರಿ ಇರುವುದು ಅಲ್ಲಿ. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಅಲ್ಲಿನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಬಂತು. ಅಮೆರಿಕದಲ್ಲಿ ಭೌತಶಾಸ್ತ್ರ, ಗಣಿತ ಓದಿದ ಜಂಪರ್ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿಗೆ ಬಂದು ಕಂಡೆನ್ಸ್ಡ್ ಮ್ಯಾಟರ್ ಸಿದ್ಧಾಂತ ಹಿಡಿದರು. ಅಲ್ಲಿ ಎಂಫಿಲ್‌ಗೆ ನಿಲ್ಲಿಸಿದರು. ನಂತರ ಪ್ರೋಟೀನ್‌ಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಂಸ್ಥೆಯೊಂದರಲ್ಲಿ ದುಡಿದು, ಶಿಕಾಗೊದಲ್ಲಿ ಸೈದ್ಧಾಂತಿಕ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ, 2017ರಲ್ಲಿ ಲಂಡನ್ನಿಗೆ ಬಂದರು. ಪ್ರೋಟೀನಿನ ಅಮೈನೊ ಆಮ್ಲಗಳ ಸರಣಿಯನ್ನಷ್ಟೇ ಕೊಟ್ಟರೆ ಅದು ಮಡಚಿಕೊಳ್ಳುವ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ 2, ಅವರ ಮುಂದಾಳತ್ವದಲ್ಲಿ 2020ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಉಳಿದವರೆಲ್ಲರನ್ನೂ ಹಿಂದೆ ಹಾಕಿತು. ಈಗ ಅದರ ಭಂಡಾರದಲ್ಲಿ 20 ಕೋಟಿಗೂ ಹೆಚ್ಚು ರಚನೆಗಳಿವೆ.

ಆ ಪ್ರೋಗ್ರಾಂ ಕಲಿತದ್ದು ಯಾವುದರಿಂದ? 1971ರಿಂದ ಜಗತ್ತಿನ ವಿಜ್ಞಾನಿಗಳು ಪ್ರೋಟೀನ್ ಡೇಟಾ ಬ್ಯಾಂಕಿಗೆ ಸೇರಿಸುತ್ತ ಬಂದ, ಸುಮಾರು 1 ಲಕ್ಷ 70 ಸಾವಿರ ರಚನೆಗಳಿಂದ. ಅವುಗಳಲ್ಲಿ ಬಹುಪಾಲು ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ತಿಳಿದವು. ಕಾಗದದ ಪಟ್ಟಿಗಳ ಕಾಲದಿಂದ ನಡೆದುಬಂದ ದುಡಿಮೆ ಇಲ್ಲದಿದ್ದರೆ ಈ ಕೋಡ್‌ಗೆ ಕಲಿಯಲು ಪಾಠವೇ ಇರುತ್ತಿರಲಿಲ್ಲ. ಹೀಗೆ ಬಂದ ಪ್ರೋಟೀನಿನ ಆಕಾರ ಸಾಧ್ಯವೋ ಅಸಾಧ್ಯವೋ ಎಂದು ಒರೆಗೆ ಹಚ್ಚುವಾಗ ಇಂದಿಗೂ ನೋಡುವುದು 1963ರ ರಾಮಚಂದ್ರನ್ ನಕ್ಷೆಯನ್ನು. ಅದನ್ನು ಕೊಟ್ಟ ಜಿ. ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು; ಅಲ್ಲಿ ಅವರನ್ನು ಸಿ. ವಿ. ರಾಮನ್ ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ದಾರಿ ಎರಡೂ ಕಡೆಗೆ ತೆರೆದಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಜೊತೆಗೆ ಬರುವುದು, ಹೊಸದಾಗಿ ಕಲಿಯಬೇಕಾದದ್ದು

ಇದನ್ನೆಲ್ಲ ಓದಿ ಫಿಸಿಕ್ಸ್ ಬಲ್ಲವರಿಗೆ ಕಂಪ್ಯೂಟರ್ ಸೈನ್ಸ್ ನೀರು ಕುಡಿದಷ್ಟು ಸುಲಭ ಎಂದುಕೊಂಡರೆ ಅದು ಇನ್ನೊಂದು ಬಗೆಯ ತಪ್ಪು.

ಜೊತೆಗೆ ಬರುವ ಆಸ್ತಿ ನಿಜಕ್ಕೂ ದೊಡ್ಡದು. ಮ್ಯಾಟ್ರಿಕ್ಸ್, ಸಂಭವನೀಯತೆ, ಕಲನಶಾಸ್ತ್ರ ಇವೆಲ್ಲ ಮಶೀನ್ ಲರ್ನಿಂಗಿನ ದಿನಬಳಕೆಯ ಸಾಮಾನು. 2024ರ ಭೌತಶಾಸ್ತ್ರ ನೊಬೆಲ್ ಪಡೆದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ನರಜಾಲಗಳನ್ನು ಕಟ್ಟುವಾಗ ಬಳಸಿದ್ದು ಸ್ಟ್ಯಾಟಿಸ್ಟಿಕಲ್ ಫಿಸಿಕ್ಸಿನ ವಿಚಾರಗಳನ್ನೇ. ಅಳತೆಯಲ್ಲಿ ದೋಷ ಎಷ್ಟು ಎಂದು ಕೇಳದೆ ಉತ್ತರ ಒಪ್ಪದಿರುವ ಗುಣವೂ ಅಮೂಲ್ಯ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ. 0.3 ಬರುವುದಿಲ್ಲ, 0.30000000000000004 ಬರುತ್ತದೆ. ಹತ್ತನೇ ಒಂದು ಪಾಲನ್ನು ದ್ವಿಮಾನದಲ್ಲಿ ಪೂರ್ತಿ ಬರೆಯಲು ಆಗದೆ ಯಂತ್ರ ಎಲ್ಲೋ ಒಂದು ಕಡೆ ಕತ್ತರಿಸಬೇಕಾಗುತ್ತದೆ. ಲ್ಯಾಬಿನಲ್ಲಿ ವರ್ನಿಯರ್ ಹಿಡಿದು ಕಣ್ಣು ಕಿರಿದು ಮಾಡಿ ಓದಿದವರಿಗೆ ಇದು ಆಶ್ಚರ್ಯ ತರುವುದಿಲ್ಲ. ಆ ಚೂರು ದೋಷ ಕೋಟಿ ಸಲ ಕೂಡಿದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಅವರು ತಾವಾಗಿ ಯೋಚಿಸುತ್ತಾರೆ.

ಹೊಸದಾಗಿ ಕಲಿಯಬೇಕಾದದ್ದೂ ಅಷ್ಟೇ ಇದೆ. ಭೌತಶಾಸ್ತ್ರದಲ್ಲಿ ಪ್ರೋಗ್ರಾಂ ಬರೆಯುವುದು ಸಾಮಾನ್ಯವಾಗಿ ಒಂದು ಗ್ರಾಫ್ ಪಡೆಯಲು. ಗ್ರಾಫ್ ಬಂದ ಮೇಲೆ ಅದರ ಗತಿ ಯಾರೂ ಕೇಳುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ನೀವು ಬರೆದದ್ದನ್ನು ನಿಮಗೆ ಗೊತ್ತಿಲ್ಲದವರು ವರ್ಷಗಟ್ಟಲೆ ಓದುತ್ತಾರೆ, ತಿದ್ದುತ್ತಾರೆ, ಅದರ ಮೇಲೆ ಇನ್ನೇನನ್ನೋ ಕಟ್ಟುತ್ತಾರೆ. ಆದ್ದರಿಂದ ಹೆಸರಿಡುವುದು, ಟೆಸ್ಟ್ ಬರೆಯುವುದು, ಬದಲಾವಣೆಗಳ ದಾಖಲೆ ಇಡುವುದು ಇವೆಲ್ಲ ವಿದ್ಯೆಯ ಭಾಗ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಯಾವ ಸಮಸ್ಯೆಯನ್ನು ಯಾವ ಯಂತ್ರವೂ ಬಿಡಿಸಲಾರದು ಎಂದು ಹೇಳುವ ಸಿದ್ಧಾಂತ, ಇವುಗಳಿಗೆ ಅಡ್ಡದಾರಿ ಇಲ್ಲ. 25ರ ವಯಸ್ಸಿನಲ್ಲಿ 18ರವರ ಜೊತೆ ಅದೇ ಪಾಠಕ್ಕೆ ಕೂರುವ ವಿನಯ ಬೇಕು. ಡೇವಿಸ್ ಪದವಿ ಪಡೆದ ಕಾಲೇಜಿಗೇ ಮರಳಿ ವಿದ್ಯಾರ್ಥಿಯಾಗಿ ಕೂತದ್ದನ್ನು ನೆನಪಿಡಬೇಕು.

ಇಂದಿನ ಬಾಗಿಲುಗಳು

ಲಂಡನ್ನಿನಲ್ಲಿ ಈ ಬದಲಾವಣೆಗೆಂದೇ 'ಕನ್ವರ್ಶನ್' ಎಂದು ಕರೆಯುವ ಎಂಎಸ್ಸಿ ಕೋರ್ಸುಗಳಿವೆ. ಇಂಪೀರಿಯಲ್‌ನ ಎಂಎಸ್ಸಿ ಕಂಪ್ಯೂಟಿಂಗ್, ಯೂನಿವರ್ಸಿಟಿ ಕಾಲೇಜಿನ ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಇವು ಬೇರೆ ವಿಷಯ ಓದಿದವರಿಗೆಂದೇ ರೂಪಿಸಿದ ಒಂದು ವರ್ಷದ ಕೋರ್ಸುಗಳು. ಬರ್ಕ್‌ಬೆಕ್‌ನಲ್ಲಿ ಸಂಜೆ ಪಾಠವಾದ್ದರಿಂದ ಲಂಡನ್ನಿನಲ್ಲಿ ಈಗಾಗಲೇ ನೆಲೆಸಿ, ಮನೆ ಮಕ್ಕಳು ಕೆಲಸ ಎಲ್ಲ ಇರುವವರಿಗೆ ಅದು ಹೊಂದುತ್ತದೆ.

ಹೆಸರು ನೋಡಿಯೇ ಅರ್ಜಿ ಹಾಕುವವರು ಗಮನಿಸಬೇಕಾದ ಸಂಗತಿಯೊಂದಿದೆ. ಇಂಪೀರಿಯಲ್‌ನಂಥ ವಿಶ್ವವಿದ್ಯಾಲಯದಲ್ಲೇ 'ಅಡ್ವಾನ್ಸ್ಡ್' ಎಂಬ ವಿಶೇಷಣವಿರುವ ಕೋರ್ಸುಗಳು ಕಂಪ್ಯೂಟರ್ ಪದವಿ ಮುಗಿಸಿದವರಿಗೆ. ಕ್ವಾಂಟಮ್ ಕಂಪ್ಯೂಟಿಂಗ್, ಮಶೀನ್ ಲರ್ನಿಂಗಿನಂಥ ಕ್ಷೇತ್ರಗಳಲ್ಲಿ ಮಾತ್ರ ಭೌತಶಾಸ್ತ್ರದ ಎಂಎಸ್ಸಿ ಆದವರನ್ನು ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುವ ಮಾರ್ಗದರ್ಶಕರು ಸಿಗುತ್ತಾರೆ. ಅಂಥವರಿಗೆ ಇನ್ನೊಂದು ಎಂಎಸ್ಸಿಯ ಖರ್ಚು ಬೇಕಿಲ್ಲ.

ಈಗಾಗಲೇ ಭೌತಶಾಸ್ತ್ರದ ಪಿಎಚ್‌ಡಿಯಲ್ಲಿರುವವರಿಗೆ ಬ್ರಿಟನ್ನಿನ ಪದ್ಧತಿಯಲ್ಲಿ ಒಂದು ಅನುಕೂಲವಿದೆ. ಅನೇಕ ಕಡೆ ಮೊದಲು ಎಂಫಿಲ್‌ಗೆ ನೋಂದಾಯಿಸಿಕೊಂಡು, ಆಮೇಲೆ ಪಿಎಚ್‌ಡಿಗೆ ಬಡ್ತಿ ಕೊಡುತ್ತಾರೆ. ನಡುವೆ ನಿಲ್ಲಿಸುವವರು ಮಾಡಿದ ಕೆಲಸವನ್ನು ಬರೆದು ಎಂಫಿಲ್ ಪಡೆಯಬಹುದು. ಒಂದು ರಾತ್ರಿ ಬೇಸರಗೊಂಡು ಬಿಟ್ಟು ಬರುವುದಕ್ಕೂ, ಮಾರ್ಗದರ್ಶಕರ ಜೊತೆ ಕೂತು ಮಾತಾಡಿ ಕೈಯಲ್ಲಿರುವ ಕೆಲಸಕ್ಕೆ ಒಂದು ರೂಪ ಕೊಟ್ಟು ಹೊರಡುವುದಕ್ಕೂ ಅಜಗಜಾಂತರ.

ಹಣದ ಮಾತನ್ನು ಮುಚ್ಚಿಡಬಾರದು. ಇಂಪೀರಿಯಲ್, ಯೂನಿವರ್ಸಿಟಿ ಕಾಲೇಜುಗಳಲ್ಲಿ ಹೊರದೇಶದವರಿಗೆ ಇಂಥ ಕೋರ್ಸಿನ ಶುಲ್ಕವೇ 30 ಸಾವಿರ ಪೌಂಡ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿಗೂ ಹೆಚ್ಚು. ಬಾಡಿಗೆ, ಊಟ, ಓಡಾಟ ಬೇರೆ. ಓದಿನ ನಂತರ ಕೆಲಸ ಹುಡುಕಲು ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾ, 2027ರ ಜನವರಿಯಿಂದ ಅರ್ಜಿ ಹಾಕುವ ಎಂಎಸ್ಸಿ ಪದವೀಧರರಿಗೆ 18 ತಿಂಗಳಿಗೆ ಇಳಿಯಲಿದೆ. ಹೊಲ ಅಡವಿಟ್ಟು ಸಾಲ ಮಾಡುವ ಮುನ್ನ ಮನೆಯವರೆಲ್ಲ ಕೂತು ಈ ಅಂಕಿಗಳನ್ನು ನೋಡಬೇಕು. ಕರ್ನಾಟಕದಲ್ಲೇ ಪಿಜಿಸಿಇಟಿ ಬರೆದು ಎಂಸಿಎ ಸೇರುವ ದಾರಿ ಪಿಸಿಎಂ ಓದಿದವರಿಗೆ ತೆರೆದಿದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಅಲ್ಗಾರಿದಮ್ ಪಾಠಗಳು ಉಚಿತವಾಗಿ ಸಿಗುತ್ತವೆ. ಒಂದು ಇಡೀ ಕೋರ್ಸನ್ನು ಕೊನೆಯವರೆಗೆ, ಅಸೈನ್‌ಮೆಂಟ್ ಸಮೇತ ಮುಗಿಸಿ ನೋಡಿದರೆ ತನಗೆ ಬೇಕಿರುವುದು ಈ ವಿದ್ಯೆಯೋ ಬರೀ ಈ ಸಂಬಳವೋ ಎಂಬುದು ತಿಳಿಯುತ್ತದೆ. ಸಂಬಳ ಬಯಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಅಷ್ಟೇ ಕಾರಣವಾದರೆ ಲಂಡನ್ನಿನವರೆಗೆ ಹೋಗುವುದು ದುಬಾರಿ ದಾರಿ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಶಿಷ್ಯರು ಕಂಪ್ಯೂಟರ್ ಕಡೆ ಹೊರಟರೆ ನಿಮ್ಮ ಪಾಠ ವ್ಯರ್ಥವಾಯಿತೆಂದು ತಿಳಿಯಬೇಡಿ. ಎಂಎಸ್ಸಿ ಪಠ್ಯದಲ್ಲಿ ಒಂದು ಪೂರ್ತಿ ಸೆಮಿಸ್ಟರ್ ಗಣನ ಭೌತಶಾಸ್ತ್ರಕ್ಕೆ ಮೀಸಲಿಡಿ, ಹೋಗುವವರಿಗೂ ಉಳಿಯುವವರಿಗೂ ಅದು ಬೇಕು. ಹೊರಡಲು ನಿಂತಿರುವ ಮಕ್ಕಳಿಗೆ ಹೇಳುವುದು ಇಷ್ಟೇ. ಬೂತ್ ದಂಪತಿ ಕಂಪ್ಯೂಟರ್ ಕಟ್ಟಿದ್ದು ಹರಳಿನ ಪ್ರಶ್ನೆ ಕೈಯಲ್ಲಿದ್ದದ್ದರಿಂದ, ಜಂಪರ್ ಪ್ರೋಗ್ರಾಂ ಬರೆದದ್ದು ಪ್ರೋಟೀನಿನ ಪ್ರಶ್ನೆ ಬಿಡದೆ ಕಾಡಿದ್ದರಿಂದ. ಭೌತಶಾಸ್ತ್ರದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಯಾವುದೆಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಪ್ರವೇಶಕ್ಕೆ ಬರೆಯುವ ಪತ್ರದ ಮೊದಲ ಪ್ಯಾರಾ ಅದೇ ಆಗಲಿ, ಹೊಸ ಕಡೆ ಮಾಡುವ ಮೊದಲ ಪ್ರಾಜೆಕ್ಟೂ ಅದರ ಮೇಲೇ ಇರಲಿ.